ಮೂರನೆಯ ಆಯ್ಕೆ

ಜೂನ್ ೧೭, ಮಂಗಳವಾರ. ನಾಸಿಕ್

ನಿನ್ನೆ ಸಂಜೆ ಮೈತ್ರೇಯಿಯ ಸಿಇಟಿ ಫಲಿತಾಂಶ ಬಂತು. ತೊಂಬತ್ತನಾಲ್ಕು ಚಿಲ್ಲರೆ ಪರ್ಸೆಂಟೈಲ್. ಇದು ಎಂಥ ಅಂಕವೆಂದರೆ, ಪೇಢೆ ಹಂಚಿದರೆ ಇಷ್ಟಕ್ಕೇ ಜಂಬವೇ ಎನ್ನುತ್ತಾರೆ, ಹಂಚದಿದ್ದರೆ ಪಾಪ ಹುಡುಗಿ ಎಡವಿದಳು ಎನ್ನುತ್ತಾರೆ. ಬಹಳ ಯೋಚಿಸಿ ಮೇಲಿನ ಮನೆಗೆ ಕೊಟ್ಟೆ, ಕೆಳಗಿನ ಮನೆಗೆ ಕೊಡಲಿಲ್ಲ. ಕೆಳಗಿನವರ ಮಗನಿಗೆ ತೊಂಬತ್ತೊಂಬತ್ತು ಬಂದಿದೆ.

ಇನ್ನು ಕಾಲೇಜುಗಳ ಪಟ್ಟಿ ಆಗಬೇಕು. ಅದನ್ನು ನಾನೇ ಕೈಗೆತ್ತಿಕೊಂಡಿದ್ದೇನೆ. ಬ್ಯಾಂಕಿಗೆ ಸೇರಿದಾಗಿನಿಂದ ಸಾಲದ ಅರ್ಜಿ ನೋಡುತ್ತ ಬಂದವಳು ನಾನು. ಅರ್ಜಿದಾರ ಕುರ್ಚಿಯ ತುದಿಯಲ್ಲಿ ಕೂತನೋ ಒರಗಿ ಕೂತನೋ ಎಂಬುದರ ಮೇಲೆ ಕಂತು ಕಟ್ಟುತ್ತಾನೋ ಇಲ್ಲವೋ ಹೇಳಬಲ್ಲೆ. ಮನೆಯಲ್ಲೇ ಬೆಳೆದ ಒಬ್ಬ ಅರ್ಜಿದಾರಳ ಮನಸ್ಸು ತಿಳಿಯುವುದು ನನಗೇನು ಮಹಾ? ಈ ವಿಷಯವನ್ನು ಬ್ಯಾಂಕಿನ ಡೈರಿಯಲ್ಲಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಇಬ್ಬರೂ ನಗುತ್ತಾರೆ.

ಇಬ್ಬರಲ್ಲಿ ಒಬ್ಬರು ನನ್ನ ಯಜಮಾನರು, ಬಿಂದುಮಾಧವ. ಗಣಿತದ ಮಾಸ್ತರರು. ಧಾರವಾಡದ ಶಾಲೆಯ ನೌಕರಿ ಬಿಟ್ಟು ನನಗೆ ವರ್ಗವಾದ ಊರಿಗೆಲ್ಲ ಬರುತ್ತಾರೆ, ಬಂದ ವಾರದೊಳಗೆ ಗೇಟಿಗೆ ಟ್ಯೂಶನ್ನಿನ ಬೋರ್ಡು ಕಟ್ಟುತ್ತಾರೆ. ನಾನು ಊರು ಬದಲಿಸಿದಂತೆಲ್ಲ ಬೋರ್ಡಿನ ವಿಳಾಸದ ಮೇಲೆ ಹೊಸ ಬಣ್ಣ ಬಳಿದು ಬಳಿದು ಈಗ ಆ ಜಾಗ ಉಬ್ಬಿಕೊಂಡಿದೆ. ಇನ್ನೊಬ್ಬಳು ಅರ್ಜಿದಾರಳು. ಅವಳಿಗೆ ವಿಜ್ಞಾನವೆಂದರೆ ಹುದುಗುವುದು. ಬೇರೆ ಮಕ್ಕಳು ಕಾರ್ಟೂನು ನೋಡುವ ವಯಸ್ಸಿನಲ್ಲಿ ಇವಳು ಇಡ್ಲಿ ಹಿಟ್ಟಿನ ಪಾತ್ರೆಯ ಮುಂದೆ ಕೂತು ಅದು ಉಬ್ಬುವುದನ್ನು ನೋಡುತ್ತಿದ್ದಳು. ಈಗ ಅಡುಗೆಮನೆಯಲ್ಲಿ ಸಿಲಿಂಡರಿನ ಹಿಂದೆ ಅವಳ ಬಾಟಲಿಗಳಿವೆ. ಒಂದರಲ್ಲಿ ಅಕ್ಕಿ ತೊಳೆದ ನೀರು, ಒಂದರಲ್ಲಿ ಅಂಬಲಿ, ಎರಡರಲ್ಲಿ ದ್ರಾಕ್ಷಿ ರಸ. ಪ್ರತಿ ಬಾಟಲಿಯ ಬಾಯಿಗೂ ಒಂದೊಂದು ಬಲೂನು. ಬಲೂನು ಎಷ್ಟು ಉಬ್ಬಿತೆಂದು ದಾರ ಸುತ್ತಿ ಅಳೆಯುತ್ತಾಳೆ. ದ್ರಾಕ್ಷಿ ರಸ ಕೊನೆಗೆ ಏನಾಗುತ್ತದೆಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಜೂನ್ ೨೦, ಶುಕ್ರವಾರ

ಬ್ಯಾಂಕಿನಲ್ಲಿ ವರ್ಗಾವಣೆಯ ಗಾಳಿ. ಬೇಕಾದ ಮೂರು ಊರು ಬರೆದುಕೊಡಬೇಕು. ನಮ್ಮ ಶಾಖೆಯ ರವಿಕಾಂತ ಕಲಬುರ್ಗಿ ಕಡೆಯವರು, ವರ್ಗಾವಣೆಯ ವಿಷಯದಲ್ಲಿ ನನಗೆ ಗುರುಗಳ ಸಮಾನ. ಅವರ ಸಿದ್ಧಾಂತ ಇಷ್ಟೇ: ಮೊದಲು ಬರೆದ ಊರನ್ನು ಹೆಡ್ ಆಫೀಸಿನವರು ಎಂದೂ ಕೊಡುವುದಿಲ್ಲ. ಕೇಳಿದ್ದನ್ನು ಕೊಟ್ಟುಬಿಟ್ಟರೆ ಆಫೀಸು ಎನ್ನುವುದಕ್ಕೆ ಮರ್ಯಾದೆ ಏನುಳಿಯಿತು? ಆದ್ದರಿಂದ ಬೇಡವಾದದ್ದನ್ನು ಮೊದಲು ಬರೆಯಬೇಕು, ನಿಜವಾಗಿ ಬೇಕಾದದ್ದನ್ನು ಮೂರನೆಯದಾಗಿ, ಕೈ ತಪ್ಪಿ ಬರೆದ ಹಾಗೆ ಬರೆಯಬೇಕು.

ನಮ್ಮ ಮನೆಯಲ್ಲಿ ಇದು ಬ್ಯಾಂಕಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಹೋಟೆಲಿಗೆ ಹೋದಾಗ ಮೈತ್ರೇಯಿ ಮೊದಲು ಐಸ್‌ಕ್ರೀಮು ಕೇಳುತ್ತಾಳೆ, ಆಮೇಲೆ ಫಾಲೂದಾ, ಕೊನೆಗೆ ಏನೋ ಒಂದು ಎನ್ನುವ ಧ್ವನಿಯಲ್ಲಿ ಮಸಾಲೆ ದೋಸೆ. ಚಿಕ್ಕಂದಿನಿಂದಲೂ ಅವಳಿಗೆ ಬೇಕಾಗಿದ್ದದ್ದು ದೋಸೆಯೇ, ಸಿಗುತ್ತಿದ್ದದ್ದೂ ಅದೇ.

ನಾನು ನಾಗಪುರ, ಮುಂಬಯಿ, ಹುಬ್ಬಳ್ಳಿ ಎಂದು ಬರೆದುಕೊಟ್ಟೆ.

ಜೂನ್ ೨೨, ಭಾನುವಾರ

ಪಟ್ಟಿಯ ಕೆಲಸ ಶುರು. ಹಾಳೆಯಲ್ಲಿ ಮೂರು ಕಾಲಂ ಮಾಡಿದೆ: ಕೈಗೆಟುಕದ್ದು, ಕೈಗೆಟುಕುವಂಥದ್ದು, ಕೈಬಿಡದ್ದು. ಇಂಟರ್ನೆಟ್ಟಿನಲ್ಲಿ ಇದನ್ನು ಸಮತೋಲನದ ಪಟ್ಟಿ ಎಂದು ಹೊಸದಾಗಿ ಕಂಡುಹಿಡಿದವರಂತೆ ಹೇಳುತ್ತಾರೆ. ನಮ್ಮವರು ಗಂಡು ನೋಡುವಾಗ ಮಾಡುತ್ತಿದ್ದದ್ದು ಇದನ್ನೇ. ನಮ್ಮನ್ನು ಒಪ್ಪಲಾರದ ದೊಡ್ಡ ಮನೆತನ ಒಂದೆರಡು, ಒಪ್ಪಬಹುದಾದವು ನಾಲ್ಕು, ಏನೂ ಆಗದಿದ್ದರೆ ಇದ್ದೇ ಇದ್ದಾನಲ್ಲ ಎಂದು ಸೋದರಮಾವ ಒಬ್ಬ.

ಅರ್ಜಿದಾರಳನ್ನು ಕರೆದು ಕೂರಿಸಿ ಅವಳ ಮೂರು ಇಚ್ಛೆ ಕೇಳಿದೆ. ಮುಂಬಯಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಎಂದಳು. ಪುಣೆಯಲ್ಲಿ ಬಯೋಟೆಕ್ನಾಲಜಿ ಎಂದಳು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಫ್ಯಾನು ನೋಡಿ, ಇಲ್ಲೇ ದಿಂಡೋರಿ ರಸ್ತೆಯ ಕಾಲೇಜಿನಲ್ಲಿ ಹುದುಗು ತಂತ್ರಜ್ಞಾನ ಅಂತ ಈ ವರ್ಷ ಶುರುವಾಗುತ್ತಿದೆಯಂತೆ, ಅದನ್ನೂ ಬೇಕಾದರೆ ಹಾಕು ಎಂದು ಎದ್ದು ಹೋದಳು.

ಹಿತ್ತಲ ಗಿಡ ಮದ್ದಲ್ಲ. ಮೂರನೆಯದನ್ನು ಸುಮ್ಮನೆ ಜಾಗ ತುಂಬಲು ಹೇಳಿದ್ದಾಳೆಂದು ಪಕ್ಕದಲ್ಲಿ ಗುರುತು ಹಾಕಿಕೊಂಡೆ. ಹೊಸ ಕೋರ್ಸು, ಹಿಂದಿನ ವರ್ಷದ ಕಟಾಫ್ ಇಲ್ಲ. ಹಿಂದಿನ ವ್ಯವಹಾರವೇ ಇಲ್ಲದ ಖಾತೆಗೆ ನಾನು ಬ್ಯಾಂಕಿನಲ್ಲಿ ನೀರು ಕೂಡ ಕೊಡುವುದಿಲ್ಲ. ಅಲ್ಲದೆ ದಿಂಡೋರಿ ರಸ್ತೆಯ ಉದ್ದಕ್ಕೂ ದ್ರಾಕ್ಷಿ ತೋಟ, ತೋಟದ ತುದಿಗೆಲ್ಲ ವೈನಿನ ಕಾರ್ಖಾನೆ. ಆ ಕೋರ್ಸು ಮುಗಿಸಿದವರು ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆಂದು ನಮ್ಮ ಅತ್ತೆಗೆ ಯಾರು ಹೇಳಬೇಕು?

ಜುಲೈ ೩, ಗುರುವಾರ

ಆರ್ಡರು ಬಂತು. ಛತ್ರಪತಿ ಸಂಭಾಜಿನಗರ. ಆಗಸ್ಟ್ ಹದಿನೆಂಟಕ್ಕೆ ಹಾಜರಾಗಬೇಕು.

ನಾನು ಬರೆದ ಮೂರರಲ್ಲಿ ಅದು ಇರಲೇ ಇಲ್ಲ. ಸಿದ್ಧಾಂತ ಸುಳ್ಳಾಯಿತಲ್ಲ ಎಂದು ಬಿಂದುಮಾಧವ ಕೆಣಕಿದರು. ಸುಳ್ಳಾಗಿಲ್ಲ. ಮೊದಲು ಬರೆದ ನಾಗಪುರವನ್ನು ಕೊಟ್ಟರೇ? ಇಲ್ಲವಲ್ಲ.

ಮೈತ್ರೇಯಿ ಯಾವಾಗ ಲಾರಿ ಬರುತ್ತದೆಂದು ಕೇಳಿದಳು, ಅಷ್ಟೆ.

ಜುಲೈ ೬, ಭಾನುವಾರ

ಆಷಾಢ ಏಕಾದಶಿ. ಧಾರವಾಡದಲ್ಲಿ ಭಾವನವರ ಮನೆಯಲ್ಲಿರುವ ಅತ್ತೆ ಕಮಲಾಬಾಯಿ ಬೆಳಗ್ಗೆ ವೀಡಿಯೋ ಕಾಲ್ ಮಾಡಿದರು. ಉಪವಾಸದ ದಿನ ಅವರ ಕಣ್ಣು ಇನ್ನೂ ಚುರುಕು. ನಾನು ಸಾಬೂದಾಣೆ ಖಿಚಡಿಯ ಬಾಣಲೆ ತೋರಿಸುತ್ತಿದ್ದೆ, ಹಿಂದಿನಿಂದ ಢಮ್ ಎಂದಿತು. ಎರಡು ದ್ರಾಕ್ಷಿ ಬಾಟಲಿಗಳಲ್ಲಿ ಒಂದು ಸಿಡಿದು ಗೋಡೆ, ಸಿಲಿಂಡರು, ದೇವರ ಗೂಡಿನ ಪರದೆ ಎಲ್ಲ ನೇರಳೆ. ಬಲೂನು ಹಾರಿ ಹೋಗಿ ಪಾಂಡುರಂಗನ ಫೋಟೋಕ್ಕೆ ಅಂಟಿಕೊಂಡಿತು. ಅಡುಗೆಮನೆಯ ತುಂಬ ಒಂದು ವಾಸನೆ ಬಂತು. ಅದು ಯಾವ ವಾಸನೆ ಎಂದು ಗೊತ್ತಿದ್ದರೂ ನಾವು ಮೂವರೂ ಗೊತ್ತಿಲ್ಲದವರಂತೆ ನಿಂತೆವು. ಪುಣ್ಯಕ್ಕೆ ಫೋನಿನಲ್ಲಿ ವಾಸನೆ ಹೋಗುವುದಿಲ್ಲ.

ಅತ್ತೆ ಏನದು ಸಪ್ಪಳ ಎಂದರು. ಮೊಮ್ಮಗಳ ಪ್ರಯೋಗ, ಯೀಸ್ಟಿನದು ಎಂದರು ಬಿಂದುಮಾಧವ. ಹೌದೇನು, ಹುದುಗಿನ ಮೇಲೆ ಅಷ್ಟು ಪ್ರೀತಿ ಇದ್ದರೆ ನಾಲ್ಕು ದಿನ ನನ್ನ ಕಡೆ ಕಳಿಸು, ಕಾಲೇಜಿನವರಿಗಿಂತ ಚೆನ್ನಾಗಿ ಕಲಿಸುತ್ತೇನೆ ಎಂದರು ಅತ್ತೆ.

ಗೋಡೆ ಒರೆಸುವಾಗ ಮೈತ್ರೇಯಿಗೆ ಬೈದೆ. ಉಳಿದ ಬಾಟಲಿಗಳನ್ನೂ ಈಗಲೇ ಚೆಲ್ಲು, ಹೇಗಿದ್ದರೂ ಲಾರಿಯವರು ದ್ರವ ಪದಾರ್ಥ ಒಯ್ಯುವುದಿಲ್ಲ ಎಂದೆ. "ಮಾಹಿತ್ ಆಹೇ ಆಯಿ, ಗೊತ್ತದ," ಎಂದಳು. ಅವಳು ಹಾಗೇ, ಮರಾಠಿಯಲ್ಲಿ ಶುರುಮಾಡಿ ನಾನು ಮುಖ ಗಂಟುಹಾಕಿದ ಮೇಲೆ ಕನ್ನಡಕ್ಕೆ ಬರುತ್ತಾಳೆ.

ಜುಲೈ ೮, ಮಂಗಳವಾರ

ದಾಖಲೆ ಪರಿಶೀಲನೆ. ಮೇಜಿನ ಹಿಂದೆ ಕೂತಾತ ಮೈತ್ರೇಯಿಯ ಕಾಗದಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು ನೋಡಿದ. ಹುಟ್ಟಿದ್ದು ಧಾರವಾಡ. ಒಂದನೆಯ ತರಗತಿ ವಿಜಯಪುರ, ಮೂರನೆಯದು ಸೋಲಾಪುರ, ಆಮೇಲೆ ಲಾತೂರ, ಸಾಂಗ್ಲಿ, ಹತ್ತನೆಯದು ಬೆಳಗಾವಿ, ಹನ್ನೆರಡನೆಯದು ನಾಸಿಕ್. ಹುಡುಗಿ ಯಾವ ಊರಿನವಳು ಎಂದು ಕೇಳಿದ. ನಾನು ನನ್ನ ವರ್ಗಾವಣೆಯ ಆರ್ಡರುಗಳ ಕಟ್ಟು ಮುಂದಿಟ್ಟು, ಸರ್ಕಾರಿ ಬ್ಯಾಂಕಿನವರ ಮಕ್ಕಳಿಗೆ ಬೇರೆ ನಿಯಮವಿದೆ, ತೆಗೆದು ಓದು ಎಂದು ಜೋರು ಮಾಡಿದೆ. ಆತ ಓದಿದ, ಒಪ್ಪಿದ, ಠಸ್ಸೆ ಹೊಡೆದ.

ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ ಮೈತ್ರೇಯಿ, ಆತ ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ ಎಂದಳು. ಕೊಟ್ಟೆನಲ್ಲ, ನಿಯಮ ತೋರಿಸಿದೆನಲ್ಲ ಎಂದೆ. ಹುಡುಗಿಗೆ ಆಫೀಸಿನ ವ್ಯವಹಾರ ಇನ್ನೂ ತಿಳಿಯುವುದಿಲ್ಲ.

ಜುಲೈ ೧೩, ಭಾನುವಾರ. ಸಂಭಾಜಿನಗರ

ಮನೆ ನೋಡಲು ಬಂದಿದ್ದೆವು. ಒಳ್ಳೆಯ ಮನೆ ಸಿಕ್ಕಿತು. ಮೂರು ಕೋಣೆ, ಗಾಳಿ ಬೆಳಕು ಚೆನ್ನಾಗಿದೆ, ನೀರು ಮಾತ್ರ ವಾರಕ್ಕೊಮ್ಮೆ ಬರುತ್ತದೆಂದು ಮಾಲೀಕ ಕೊನೆಗೆ ಹೇಳಿದ. ಒಂದು ಕೋಣೆಯಲ್ಲಿ ಗೋಡೆಯುದ್ದಕ್ಕೂ ಕಲ್ಲಿನ ಹಲಗೆಗಳು. ಬಾಟಲಿ ಇಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಸಿಡಿದರೂ ದೇವರ ಗೂಡು ದೂರ. ಇದು ನಿನ್ನ ಕೋಣೆ ಎಂದೆ. ಅವಳು ಹಲಗೆಯ ಮೇಲೆ ಕೈಯಾಡಿಸಿ, ಚಂದ ಇದೆ ಎಂದಳು.

ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಹಳೆಯ ಕಾಲೇಜು. ಕೆಮಿಕಲ್ ಇದೆ. ಹೋದ ವರ್ಷದ ಕಟಾಫ್ ನೋಡಿದರೆ ನಮ್ಮ ಅಂಕಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. ಊರ ಹೊರಗಿನ ಶೇಂದ್ರಾದಲ್ಲಿ ಕಾರ್ಖಾನೆಗಳ ಸಾಲು, ಓದು ಮುಗಿದ ಮೇಲೆ ನೌಕರಿಯೂ ಅಲ್ಲೇ. ಬೆಳಗ್ಗೆ ಡಬ್ಬಿ ಕಟ್ಟಿಕೊಡಬಹುದು, ಮಧ್ಯಾಹ್ನ ಮನೆಗೆ ಬಂದು ಮಲಗಬಹುದು. ಇಂಥದನ್ನು ಬಿಟ್ಟು ಪುಣೆ ಮುಂಬಯಿ ಎಂದು ಯಾಕೆ ಒದ್ದಾಡಬೇಕು? ಇಷ್ಟು ವರ್ಷದಲ್ಲಿ ನಾನು ಅವಳನ್ನು ಬಿಟ್ಟು ಒಂದು ವಾರ ಇದ್ದದ್ದಿಲ್ಲ. ಟ್ರೇನಿಂಗಿಗೆ ಹೋದಾಗಲೂ ಜತೆಗೆ ಒಯ್ದಿದ್ದೇನೆ. ಇದನ್ನು ಪಟ್ಟಿ ಮಾಡುವಾಗ ಲೆಕ್ಕಕ್ಕೆ ಹಿಡಿಯಬಾರದು, ಸುಮ್ಮನೆ ಬರೆದೆ.

ಒಟ್ಟಿನಲ್ಲಿ ತೀರ್ಮಾನವಾಯಿತು. ಬೇಕಾದದ್ದು ಸಂಭಾಜಿನಗರದ ಕೆಮಿಕಲ್.

ಜುಲೈ ೨೪, ಗುರುವಾರ. ನಾಸಿಕ್

ಇವತ್ತು ಆಯ್ಕೆಗಳನ್ನು ಕಂಪ್ಯೂಟರಿನಲ್ಲಿ ತುಂಬಿದೆ. ಬೇಕಾದದ್ದು ಯಾವುದೆಂದು ಗೊತ್ತಿತ್ತಲ್ಲ, ಅದನ್ನು ಮೂರನೆಯದಾಗಿ ಹಾಕಿದೆ. ಎರಡನೆಯದಕ್ಕೆ ಮುಂಬಯಿಯ ಕೆಮಿಕಲ್, ಅದು ತೊಂಬತ್ತೊಂಬತ್ತರವರಿಗೇ ದಕ್ಕುವುದಿಲ್ಲ. ಮೊದಲನೆಯ ಜಾಗಕ್ಕೆ ಖಂಡಿತ ಬೇಡವಾದದ್ದು ಬೇಕಿತ್ತು. ದಿಂಡೋರಿ ರಸ್ತೆಯ ಹುದುಗು ತಂತ್ರಜ್ಞಾನ ಹಾಕಿದೆ.

ಬಿಂದುಮಾಧವ ಹಿಂದಿನಿಂದ ನೋಡಿ ಕನ್ನಡಕ ಹಣೆಗೇರಿಸಿದರು.

"ನಿರುಪಮಾ, ಇದು ನಿಮ್ಮ ಹೆಡ್ ಆಫೀಸ್ ಅಲ್ಲ. ಮಶೀನು ಮ್ಯಾಲಿಂದ ಓದಕೋತ ಬರ್ತದ. ಮೊದಲನೇದು ಸಿಕ್ಕರ ಅಲ್ಲೇ ನಿಂತು ಬಿಡ್ತದ, ಕೆಳಗ ನೋಡೂದ ಇಲ್ಲ."

"ಆ ಮಶೀನಿಗೆ ಕಲಿಸಿದಾವರೂ ಯಾವದೋ ಆಫೀಸಿನಾವರ ಅಲ್ಲೇನ್ರಿ," ಎಂದೆ.

ಅವರು ಆದರೂ ಹಠ ಬಿಡದೆ, ಮೊದಲನೆಯದು ಸಿಕ್ಕರೆ ಒಪ್ಪಿಕೊಳ್ಳಬೇಕು, ಇಲ್ಲವೆ ಮುಂದಿನ ಸುತ್ತನ್ನೂ ಬಿಡಬೇಕು ಎಂಬ ನಿಯಮ ಓದಿ ಹೇಳಿದರು. ಸಿಕ್ಕರೆ ತಾನೆ? ನನ್ನ ಇಡೀ ನೌಕರಿಯಲ್ಲಿ ಮೊದಲು ಬರೆದದ್ದು ಒಮ್ಮೆಯೂ ಸಿಕ್ಕಿಲ್ಲ. ಮಾಸ್ತರರಿಗೆ ಪುಸ್ತಕದ ನಿಯಮ ಗೊತ್ತು, ಲೋಕದ ನಿಯಮ ಗೊತ್ತಿಲ್ಲ.

ಕೊನೆಯ ಗುಂಡಿ ಒತ್ತುವ ಮೊದಲು ಅರ್ಜಿದಾರಳಿಗೆ ತೋರಿಸಬೇಕಲ್ಲ, ಕರೆದೆ. ಬಂದು ಪರದೆ ನೋಡಿದಳು. ಬಹಳ ಹೊತ್ತು ನೋಡಿದಳು. "ಆಯಿ, ನಕ್ಕೀ? ಖರೇನ?" ಎಂದು ಕೇಳಿದಳು. ಖರೆ ಎಂದೆ. ಆಮೇಲೆ ಒಳಗೆ ಹೋಗಿ, ಎಂದೂ ಮಾಡದವಳು, ನನಗೆ ಚಹಾ ಮಾಡಿಕೊಂಡು ಬಂದಳು. ಅರ್ಜಿಯ ಗೋಳು ಮುಗಿಯಿತೆಂದು ಖುಷಿಯಾಗಿರಬೇಕು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಕುಡಿದೆ.

ಜುಲೈ ೩೧, ಗುರುವಾರ

ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಮೊದಲನೆಯದೇ ಸಿಕ್ಕಿದೆ.

ಬ್ಯಾಂಕಿನಲ್ಲಿ ಕೌಂಟರಿನ ಮುಂದೆ ಜನ ನಿಂತಿದ್ದಾಗ ಮೆಸೇಜು ಬಂತು. ನಾನು ಓದಿ ಒಂದು ಸ್ಟೂಲಿನ ಮೇಲೆ ಕೂತೆ. ರವಿಕಾಂತ ಓಡಿಬಂದು ನೀರು ಕೊಟ್ಟು, ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಮೊದಲ ಆಯ್ಕೆ ಸಿಕ್ಕಿತು ಎಂದೆ. ಅವರೂ ಒಂದು ಸ್ಟೂಲು ಎಳೆದುಕೊಂಡು ಕೂತರು. ಅವರ ಸಿದ್ಧಾಂತದ ಇತಿಹಾಸದಲ್ಲಿ ಹೀಗೆ ಆದದ್ದೇ ಇಲ್ಲವಂತೆ.

ಮನೆಗೆ ಬಂದರೆ ಮೈತ್ರೇಯಿ ಬಾಗಿಲಲ್ಲೇ ನಿಂತಿದ್ದಳು. ಹದಿನಾರು ತುಂಬಿದ ಮೇಲೆ ಮೈ ಮುಟ್ಟಿಸಿಕೊಳ್ಳದ ಹುಡುಗಿ, ಬಂದು ನನ್ನ ಕೊರಳಿಗೆ ಬಿದ್ದಳು. ಬ್ಯಾಗು, ಛತ್ರಿ, ಕೊತ್ತಂಬರಿಯ ಕಟ್ಟು ಎಲ್ಲ ಕೆಳಗೆ ಬಿತ್ತು.

"ಆಯಿ, ನಾ ಅದನ್ನ ಮೂರನೇದಾಗಿ ಹೇಳಿದ್ದೆ. ನಮ್ಮ ಮನೀ ಪದ್ಧತಿ ಹಂಗ ಅದ ಅಂತ. ಮೊದಲಿಗೆ ಹೇಳಿದ್ದರ ಸಿಗತಿರಲಿಲ್ಲ. ನಿನಗ ತಿಳೀತು."

ನನಗೆ ತಿಳಿದಿರಲಿಲ್ಲ. ನನಗೆ ಏನೇನೂ ತಿಳಿದಿರಲಿಲ್ಲ. ಐಸ್‌ಕ್ರೀಮು, ಫಾಲೂದಾ, ದೋಸೆ ಎಂದು ಈ ಡೈರಿಯಲ್ಲೇ ಬರೆದವಳಿಗೆ ಹೊಳೆದಿರಲಿಲ್ಲ. ಅವಳ ತಲೆ ನನ್ನ ಭುಜದ ಮೇಲಿತ್ತು. ನಾನು ಹೂಂ ಎಂದೆ.

ಅವಳ ಹಿಂದೆ ನಿಂತು ಬಿಂದುಮಾಧವ ನನ್ನನ್ನೇ ನೋಡುತ್ತಿದ್ದರು. ಬಗ್ಗಿ ಕೊತ್ತಂಬರಿ ಆರಿಸಿಕೊಂಡು ಒಳಗೆ ಹೋದರು.

ಆಗಸ್ಟ್ ೧, ಶುಕ್ರವಾರ

ರವಿಕಾಂತ ಹಿಡಿದ ಕೆಲಸ ಬಿಡುವವರಲ್ಲ. ಸಂಭಾಜಿನಗರದ ಆ ಹಳೆಯ ಕಾಲೇಜಿಗೆ ಫೋನು ಹಚ್ಚಿ ವಿಚಾರಿಸಿದ್ದಾರೆ. ಈ ಸೀಟು ಒಪ್ಪಿಕೊಳ್ಳದೆ ಬಿಟ್ಟರೆ, ಕಾಲೇಜಿನವರೇ ತುಂಬಿಕೊಳ್ಳುವ ಸೀಟುಗಳಲ್ಲಿ ಒಂದು ನಮಗೆ ಖಾತ್ರಿಯಂತೆ. ಸೋಮವಾರದೊಳಗೆ ಹೇಳಬೇಕು. ಮಗಳಿಗೆ ಏನು ಹೇಳಲಿ ಎಂದರೆ ಅದಕ್ಕೂ ಅವರ ಬಳಿ ಉಪಾಯವಿತ್ತು: ದಾಖಲೆಯಲ್ಲಿ ಏನೋ ತೊಡಕಾಯಿತು, ಆಫೀಸಿನವರು ಒಪ್ಪಲಿಲ್ಲ ಎಂದುಬಿಡಿ. ಆಫೀಸಿನ ಮೇಲೆ ಹಾಕಿದ ತಪ್ಪನ್ನು ಯಾರೂ ಪರೀಕ್ಷಿಸುವುದಿಲ್ಲ.

ಒಳ್ಳೆಯ ಉಪಾಯವೇ. ದಾರಿಯಲ್ಲಿ ಆಟೋದಲ್ಲಿ ಒಂದೆರಡು ಸಲ ಹೇಳಿ ನೋಡಿದೆ. ಮೂರನೆಯ ಸಲಕ್ಕೆ ಆಟೋದವನು ಯಾವ ಆಫೀಸು ಎಂದು ಕೇಳಿದ.

ಮೈತ್ರೇಯಿ ಇವತ್ತು ಮಂಕಾಗಿದ್ದಳು. ನಿನ್ನೆಯ ಖುಷಿ ಎಲ್ಲಿ ಹೋಯಿತೋ. ಕಾಲೇಜಿನ ಮಾತೇ ಎತ್ತಲಿಲ್ಲ. ಸಂಜೆ ಅವಳ ಎಲ್ಲ ಸರ್ಟಿಫಿಕೇಟುಗಳನ್ನೂ ಫೈಲಿಗೆ ಜೋಡಿಸಿ, ಒಪ್ಪಿಗೆಯ ಅರ್ಜಿಯನ್ನು ಮೇಲಿಟ್ಟು, ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಸಹಿ ಮಾಡು ಎಂದು ಕೇಳಲಿಲ್ಲ.

ಆಗಸ್ಟ್ ೨, ಶನಿವಾರ

ಸಾಲ ಕೊಡದಿರಲು ಕಾರಣ ಬೇಕಾದರೆ ನಾವು ಸ್ಥಳ ಪರಿಶೀಲನೆಗೆ ಹೋಗುತ್ತೇವೆ. ಅರ್ಧ ದಿನ ರಜೆ ಹಾಕಿ ಮೈತ್ರೇಯಿಯನ್ನು ಕರೆದುಕೊಂಡು ದಿಂಡೋರಿ ರಸ್ತೆಯ ಕಾಲೇಜಿಗೆ ಹೋದೆ.

ಕಾರಣಗಳು ಧಾರಾಳವಾಗಿ ಸಿಕ್ಕವು. ಕಟ್ಟಡಕ್ಕೆ ಅರ್ಧ ಬಣ್ಣ ಆಗಿಲ್ಲ. ಕ್ಯಾಂಟೀನಿನಲ್ಲಿ ಮಿಸಳ್ ಬಿಟ್ಟರೆ ಬೇರೇನಿಲ್ಲ. ಹಾಸ್ಟೆಲಿನ ಮೆಟ್ಟಿಲು ಕಡಿದು. ಪ್ರಯೋಗಾಲಯದಲ್ಲಿ ದೊಡ್ಡ ಫ್ರಿಜ್ಜುಗಳು, ಗಾಜಿನ ಪಾತ್ರೆಗಳು, ನಮ್ಮ ಸಿಲಿಂಡರಿನ ಹಿಂದಿನ ವಾಸನೆಯೇ ಇನ್ನೂ ಹತ್ತು ಪಟ್ಟು. ಅಲ್ಲಿಯ ಮೇಡಂ ಹತ್ತಿರ ನಾನು ಊಟ, ಬಸ್ಸು, ನೌಕರಿ, ವಾರ್ಡನ್ನಿನ ವಯಸ್ಸು ಎಲ್ಲ ಕೇಳಿದೆ.

ಮೈತ್ರೇಯಿ ಕೇಳಿದ್ದು ಒಂದೇ. ಒಬ್ಬ ವಿದ್ಯಾರ್ಥಿ ತಾನೇ ಬೆಳೆಸಿದ ಯೀಸ್ಟನ್ನು ಈ ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು ಎಂದು ಮರಾಠಿಯಲ್ಲಿ ಕೇಳಿದಳು. ಹೆಸರಿನ ಚೀಟಿ ಅಂಟಿಸಿದರೆ ನಾಲ್ಕು ವರ್ಷವೂ ಇಡಬಹುದು, ಆಗಾಗ ಆಹಾರ ಹಾಕುತ್ತಿದ್ದರಾಯಿತು ಎಂದರು ಮೇಡಂ. ನಡುವೆ ಯಾರೂ ಚೆಲ್ಲುವುದಿಲ್ಲವೇ ಎಂದು ಮತ್ತೆ ಕೇಳಿದಳು. ಹೆಸರಿದ್ದರೆ ಯಾರೂ ಮುಟ್ಟುವುದಿಲ್ಲ ಎಂದರು. ಅವಳು ತಲೆಯಾಡಿಸಿದಳು.

ಸೋಲಾಪುರದಲ್ಲಿ ಒಂದು ಜಾಡಿ ಇತ್ತು. ಸಾಂಗ್ಲಿಯಲ್ಲಿ ಎರಡು. ಬೆಳಗಾವಿಯಲ್ಲಿ ಎಷ್ಟಿದ್ದವೋ ನೆನಪಿಲ್ಲ. ಲಾರಿ ಬರುವ ದಿನ ಬೆಳಗ್ಗೆ ಅವಳೇ ಒಂದೊಂದಾಗಿ ಬಚ್ಚಲಿಗೆ ಚೆಲ್ಲಿ, ಬಾಟಲಿ ತೊಳೆದು, ಖಾಲಿ ಬಾಟಲಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು. ಎಷ್ಟು ಶಿಸ್ತಿನ ಹುಡುಗಿ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಬಸ್ಸಿನಲ್ಲಿ ಬರುವಾಗ ಆ ಜಾಡಿಗಳನ್ನು ಮತ್ತೆ ಎಣಿಸಿ ನೋಡಿದೆ, ಲೆಕ್ಕ ಸಿಗಲಿಲ್ಲ.

ಆಗಸ್ಟ್ ೪, ಸೋಮವಾರ

ಸಹಿ ಮಾಡಿದೆ.

ಸಂಭಾಜಿನಗರದ ಸೀಟು ಬೇಡವೆಂದು ರವಿಕಾಂತರಿಗೆ ಹೇಳಿದೆ. ಕಾರಣ ಕೇಳಿದರು. ಅಲ್ಲಿಯ ಕ್ಯಾಂಟೀನು ಸರಿಯಿಲ್ಲ ಎಂದೆ.

ಆಗಸ್ಟ್ ೯, ಶನಿವಾರ

ಅತ್ತೆಗೆ ಹೇಳುವ ಕೆಲಸವನ್ನು ಅವರ ಮಗನಿಗೇ ವಹಿಸಿದ್ದೆ. ಬಿಂದುಮಾಧವ ಬಹಳ ಎಚ್ಚರಿಕೆಯಿಂದ ಬ್ರೆಡ್ಡಿನಿಂದ ಶುರುಮಾಡಿ ಮೊಸರು, ಇಡ್ಲಿ, ಔಷಧಿ ಎಂದು ಒಂದೊಂದೇ ಮೆಟ್ಟಿಲು ಹತ್ತಿ ದ್ರಾಕ್ಷಿಯ ಹತ್ತಿರ ಬಂದು ನಿಂತರು. ಅತ್ತೆ ಅಷ್ಟೂ ಕೇಳಿ, "ಸೆರೆ ಮಾಡೂದೂ ಕಲಸ್ತಾರೇನು?" ಎಂದರು. ಬಿಂದುಮಾಧವ ಕೆಮ್ಮಿದರು. "ಮಾಡಿದರ ಮಾಡಲಿ, ಕುಡೀಬಾರದು ಅಷ್ಟ. ಅಕ್ಕಸಾಲಿಗ ಮಾಡಿದ ಬಂಗಾರೆಲ್ಲಾ ತಾನ ಹಾಕ್ಕೋತಾನೇನು?" ಎಂದರು ಕಮಲಾಬಾಯಿ. ನಾನು ಇಷ್ಟು ವರ್ಷ ಇವರಿಗೆ ಹೆದರಿದ್ದು ದಂಡ.

ಮನೆಯಲ್ಲಿ ಪೆಟ್ಟಿಗೆ ಕಟ್ಟುವುದು ನಡೆದಿದೆ. ಎರಡು ರಾಶಿ: ಒಂದು ಲಾರಿಗೆ, ಒಂದು ಹಾಸ್ಟೆಲಿಗೆ. ಹಾಸ್ಟೆಲಿನ ರಾಶಿಗೆ ನಾನು ದಿನಾ ಏನಾದರೊಂದು ಸೇರಿಸುತ್ತೇನೆ, ಮೈತ್ರೇಯಿ ದಿನಾ ಅದನ್ನು ತೆಗೆದು ಲಾರಿಯ ರಾಶಿಗೆ ಇಡುತ್ತಾಳೆ. ಚಕ್ಕುಲಿ ಡಬ್ಬಿ ಹೀಗೆ ನಾಲ್ಕು ಸಲ ಪ್ರಯಾಣ ಮಾಡಿ ಚಕ್ಕುಲಿಯೆಲ್ಲ ಪುಡಿಯಾಗಿದೆ.

ಅವಳಿಗೆ ನಿಜ ಹೇಳಬೇಕು. ನಾನು ಅವಳ ಮನಸ್ಸು ತಿಳಿದು ಹಾಕಿದ್ದಲ್ಲ, ತಪ್ಪಿಸಲಿಕ್ಕೆ ಹಾಕಿದ್ದು. ಅವಳು ಹೊಗಳಿದಾಗ ಹೂಂ ಎಂದುಬಿಟ್ಟೆನಲ್ಲ. ಇವತ್ತು ಹೇಳಲು ಹೋಗಿ, ಸ್ವೆಟರ್ ಇಟ್ಟುಕೊಂಡೆಯಾ ಎಂದು ಕೇಳಿ ಬಂದೆ.

ಆಗಸ್ಟ್ ೧೮, ಸೋಮವಾರ. ಸಂಭಾಜಿನಗರ

ಬೆಳಗ್ಗೆ ಬೇಗ ಎಚ್ಚರವಾಯಿತು. ಡ್ಯೂಟಿಗೆ ಹಾಜರಾಗುವ ಮೊದಲು ನಿನ್ನೆಯದನ್ನು ಬರೆದುಬಿಡುತ್ತೇನೆ.

ನಿನ್ನೆ ಮೈತ್ರೇಯಿಯನ್ನು ಹಾಸ್ಟೆಲಿಗೆ ಬಿಟ್ಟೆವು. ಜತೆಯ ಹುಡುಗಿ ಶಬಾನಾ ಆಗಲೇ ಬಂದಿದ್ದಳು. ಅವರಪ್ಪ ಮೂಲ ವಿಜಯಪುರದವರು, ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ. ನಾನು ಮಗಳನ್ನು ಇಟ್ಟುಕೊಳ್ಳಬೇಕೆಂದಿದ್ದ ಊರಿನಿಂದಲೇ ಒಬ್ಬಳು ಮನೆ ಬಿಟ್ಟು ಇಲ್ಲಿಗೆ ಬಂದಿದ್ದಾಳೆ. ಅವಳ ತಾಯಿ ಕೊಟ್ಟ ಜೋಳದ ರೊಟ್ಟಿಯ ಗಂಟು ನೋಡಿ ನನಗೆ ಆ ತಾಯಿಯನ್ನು ಒಮ್ಮೆ ಕಾಣಬೇಕೆನಿಸಿತು. ಬಿಂದುಮಾಧವ ಶಬಾನಾಳ ಮಂಚದ ಕಾಲು ಅಲುಗುತ್ತದೆಂದು ಅದಕ್ಕೆ ಕಾಗದ ಮಡಚಿ ಇಡುತ್ತ ಕೂತರು. ನಾನು ಮೈತ್ರೇಯಿಯನ್ನು ಹೊರಗೆ ಕರೆದುಕೊಂಡು ಬಂದೆ.

ಕಡಿದಾದ ಆ ಮೆಟ್ಟಿಲ ಮೇಲೆ ನಿಂತು ಎಲ್ಲ ಹೇಳಿದೆ. ಸಿಗಬಾರದೆಂದೇ ಮೊದಲು ಹಾಕಿದೆ, ನನಗೆ ನೀನು ಮನೆಯಲ್ಲಿ ಬೇಕಾಗಿತ್ತು, ನಿನ್ನ ಮನಸ್ಸು ನನಗೆ ತಿಳಿದಿರಲಿಲ್ಲ ಎಂದೆ. ಅವಳು ಅಳುತ್ತಾಳೆ ಅಥವಾ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

"ನನಗ ಗೊತ್ತಿತ್ತು ಆಯಿ," ಎಂದಳು. "ಸೀಟು ಬಂದ ದಿನಾನ, ರಾತ್ರಿ ಊಟಾ ಆದ ಮ್ಯಾಲೆ ಅಪ್ಪಾ ಹೇಳಿದ್ರು."

ಹಾಗಾದರೆ ಆ ಶುಕ್ರವಾರ, ಶನಿವಾರ, ಭಾನುವಾರ ಎಲ್ಲ ಇವಳಿಗೆ ಗೊತ್ತಿತ್ತು. ನನ್ನ ಮೇಜಿನ ಮೇಲೆ ಫೈಲು ಇಟ್ಟಾಗಲೂ ಗೊತ್ತಿತ್ತು. ಮತ್ತೆ ಯಾಕೆ ಏನೂ ಕೇಳಲಿಲ್ಲ ಎಂದೆ.

ಅವಳು ಕನ್ನಡದ ಶಬ್ದಗಳನ್ನು ಹುಡುಕಿಕೊಂಡಳು. ಒಂದೂ ಮರಾಠಿ ಬೆರೆಸದೆ ಹೇಳಬೇಕೆಂದು ಮೊದಲೇ ಗಟ್ಟಿಮಾಡಿಕೊಂಡಿದ್ದಳೋ ಏನೋ.

"ಕೇಳಿದ್ದರ, ನಾ ಕೇಳಿದೆ ಅಂತ ನೀ ಮಾಡತಿದ್ದಿ. ನೀನಾಗೇ ಮಾಡ್ತೀಯೋ ಇಲ್ಲೋ ನೋಡಬೇಕಿತ್ತು. ಮೊದಲ ಹಾಕಿದ್ದು ತಪ್ಪಿ ಆತು, ಖರೆ. ಸಹಿ ಮಾಡಿದ್ದು ತಪ್ಪಿ ಮಾಡಲಿಲ್ಲಲ್ಲ."

ನಾನು ಏನು ಹೇಳಿದೆನೋ ನೆನಪಿಲ್ಲ. ಸ್ವೆಟರ್ ವಿಷಯ ಏನೋ ಹೇಳಿರಬೇಕು. ವಾರ್ಡನ್ ಬಂದು, ಭೇಟಿಯ ಹೊತ್ತು ಮುಗಿಯಿತು, ಹೊರಗಿನವರು ಹೊರಡಬೇಕು ಎಂದಳು. ಹೊರಗಿನವರು ಯಾರೆಂದು ಹಿಂದೆ ತಿರುಗಿ ನೋಡಿದೆ. ನಾವೇ ಇದ್ದೆವು.

ಬಸ್ಸು ನಾಸಿಕ್ ದಾಟುವ ಮೊದಲೇ ನನಗೆ ಅಳು ಬಂತು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ಹೆದರುವಷ್ಟು ಅತ್ತೆ. ಬಿಂದುಮಾಧವ ಅವಳಿಗೆ ತಮ್ಮ ಮುರುಕು ಮರಾಠಿಯಲ್ಲಿ, ಏನಿಲ್ಲ, ಮಗಳಿಗೆ ಒಳ್ಳೆಯ ಕಾಲೇಜು ಸಿಕ್ಕಿದೆ ಎಂದು ವಿವರಿಸಿದರು. ಹೆಂಗಸು ನನ್ನ ಕೈ ಹಿಡಿದುಕೊಂಡಳು, ಇಳಿಯುವವರೆಗೂ ಬಿಡಲಿಲ್ಲ.

ಈ ಮನೆಯಲ್ಲಿ ಅವಳ ಕೋಣೆ ಖಾಲಿ ಇದೆ. ನೋಡಲು ಆಗುವುದಿಲ್ಲ, ಬಾಗಿಲು ಎಳೆದುಕೊಂಡಿದ್ದೇನೆ. ನನಗೆ ಅವಳು ಇಲ್ಲೇ ಬೇಕಾಗಿತ್ತು, ಈಗಲೂ ಬೇಕು. ಆ ಸೋಮವಾರ ಅರ್ಜಿ ಮುಂದಿಟ್ಟುಕೊಂಡು ಕೂತಾಗಲೂ ಬೇಕಾಗಿತ್ತು. ಹೌದು, ನಾನು ತಪ್ಪಿ ಸಹಿ ಮಾಡಲಿಲ್ಲ. ಎಲ್ಲ ಗೊತ್ತಿದ್ದೇ ಮಾಡಿದೆ.